ಆಂಪ್ಲಿಫೈಯರ್ ಇಲ್ಲದೆ 279 ಕಿಲೋಮೀಟರ್ ದಾಟಿದ ವೈಫೈ: ವೆನೆಜುವೆಲಾದ ಒಂದು ಪ್ರಕರಣ

"ಬೂಸ್ಟರ್ ಹಾಕಿದರೆ ಸಿಗತ್ತಾ?" ಮನೆಯ ವೈಫೈ ತೋಟದ ಮನೆಗೆ ಮುಟ್ಟದಿದ್ದಾಗ, ಶಾಲೆಯ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟದಿದ್ದಾಗ ಮೊದಲು ಬರುವ ಪ್ರಶ್ನೆ ಇದೇ. ಸಿಗ್ನಲ್ ಕಮ್ಮಿ ಇದೆ, ಹಾಗಾದರೆ ಜೋರು ಮಾಡೋಣ ಅನ್ನುವುದು ಸಹಜವಾದ ಯೋಚನೆ. ಆದರೆ ದೂರ ದಾಟಿಸುವ ಕೆಲಸದಲ್ಲಿ ಬೂಸ್ಟರ್, ಅಂದರೆ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್, ಅದರ ಸರದಿ ಬರುವುದು ಕೊನೆಗೆ. ಅದಕ್ಕೂ ಮೊದಲು ಜಾಗ ನೋಡಬೇಕು, ಆಂಟೆನಾ ನೋಡಬೇಕು, ಕೇಬಲ್ ನೋಡಬೇಕು. ರೂಟರ್ ಎಷ್ಟು ಹೊತ್ತು ಉತ್ತರಕ್ಕೆ ಕಾಯುತ್ತದೆ ಅನ್ನುವುದನ್ನೂ ನೋಡಬೇಕು. ಇದನ್ನು ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೆ ನಂಬುವುದು ಕಷ್ಟ. ಹಾಗಾಗಿ ನಿಜವಾಗಿ ನಡೆದ ಒಂದು ಪ್ರಕರಣವನ್ನು ಇಡಿಯಾಗಿ ಬಿಚ್ಚಿಡುತ್ತೇನೆ.

2006ರ ಏಪ್ರಿಲ್‌ನಲ್ಲಿ ವೆನೆಜುವೆಲಾದ ಆಂಡೀಸ್ ಬೆಟ್ಟದ ಮೇಲಿನಿಂದ ಕೆಳಗಿನ ಬಯಲಿನ ಒಂದು ಊರಿಗೆ ವೈಫೈ ಕೊಂಡಿ ಕಟ್ಟಿದರು. ನಡುವಿನ ದೂರ 279 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಇದಕ್ಕಿಂತ ಸ್ವಲ್ಪವೇ ಜಾಸ್ತಿ ಆಗುತ್ತದೆ. ಎರಡೂ ತುದಿಯಲ್ಲಿ ಇದ್ದದ್ದು ಲಿಂಕ್ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ 54ಜಿ. ಆ ಕಾಲದಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತಿದ್ದ ಮನೆ ಬಳಕೆಯ ರೂಟರ್ ಅದು. ಕಳಿಸುವ ಶಕ್ತಿ 100 ಮಿಲಿವ್ಯಾಟ್. ಆಂಪ್ಲಿಫೈಯರ್ ಎರಡೂ ಕಡೆ ಇರಲಿಲ್ಲ.

ಯಾರು ಮಾಡಿದರು, ಯಾಕೆ ಮಾಡಿದರು

ಇದರ ಹಿಂದಿದ್ದವರು ಎರ್ಮಾನ್ನೊ ಪಿಯೆತ್ರೊಸೆಮೊಲಿ. ಮೆರಿದಾ ನಗರದ ಲಾಸ್ ಆಂಡೀಸ್ ವಿಶ್ವವಿದ್ಯಾಲಯದಲ್ಲಿ ದೂರಸಂಪರ್ಕ ಕಲಿಸುತ್ತಿದ್ದವರು. ಎಸ್ಲಾರೆಡ್ ಅನ್ನುವ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಲ್ಯಾಟಿನ್ ಅಮೆರಿಕದ ದೇಶಗಳ ಎಂಜಿನಿಯರುಗಳಿಗೆ ನೆಟ್‌ವರ್ಕ್ ಕಟ್ಟುವುದನ್ನು ಕಲಿಸುವುದೇ ಆ ಸಂಸ್ಥೆಯ ಕೆಲಸ. 1992ರಲ್ಲಿ ಅದರ ಮೊದಲ ಶಿಬಿರ ಮೆರಿದಾದಲ್ಲಿ ನಡೆಯಿತು. ಇಟಲಿಯ ತ್ರಿಯೆಸ್ತೆಯಲ್ಲಿ ಅಬ್ದುಸ್ ಸಲಾಂ ಕಟ್ಟಿದ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಅದಕ್ಕೆ ಬೆಂಬಲ ಕೊಟ್ಟಿತ್ತು. ಆ ಕೇಂದ್ರದ ಕಾರ್ಲೊ ಫೋಂಡಾ ಈ ಪ್ರಯೋಗಕ್ಕೂ ಕೈ ಜೋಡಿಸಿದರು.

ದಾಖಲೆ ಮುರಿಯುವ ಖುಷಿ ಇತ್ತು, ನಿಜ. ಆದರೆ ಕೆಲಸಕ್ಕೆ ಬರುವ ಕಾರಣವೂ ಇತ್ತು. ಬೆಟ್ಟದ ಊರುಗಳಿಗೆ ಕೇಬಲ್ ಎಳೆಯಲು ದುಡ್ಡಿಲ್ಲ. ಉಪಗ್ರಹದ ಇಂಟರ್ನೆಟ್ ಆಗ ತುಂಬಾ ದುಬಾರಿ. ಅಗ್ಗದ ವೈಫೈ ರೂಟರನ್ನೇ ಎಷ್ಟು ದೂರ ಎಳೆಯಬಹುದು ಅಂತ ಗೊತ್ತಾದರೆ ಎಷ್ಟೋ ಊರುಗಳ ಲೆಕ್ಕಾಚಾರ ಬದಲಾಗುತ್ತದೆ, ಅಲ್ವಾ? ಮೆರಿದಾ ಸೀಮೆಯಲ್ಲಿ ಪೀಕೊ ಎಸ್ಪೆಹೊ ಬೆಟ್ಟದಿಂದ ಕನಾಗ್ವಾ ಊರಿಗೆ 70 ಕಿಲೋಮೀಟರಿನ ವೈಫೈ ಕೊಂಡಿ ಆಗಲೇ ಓಡುತ್ತಿತ್ತು. ಅದಕ್ಕಿಂತ ಮುಂದೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಷ್ಟೇ ಪ್ರಶ್ನೆ.

ಮೊದಲು ಜಾಗ

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಜಾಗ ಹುಡುಕಿದ್ದು. ಯಂತ್ರಗಳಿಗಿಂತ ಹೆಚ್ಚು ಶ್ರಮ ಬಿದ್ದದ್ದು ಇಲ್ಲೇ.

ವೈಫೈ ಅಲೆ ನೇರವಾಗಿ ಹೋಗುತ್ತದೆ. ಭೂಮಿ ಉರುಟಾಗಿದೆ. 279 ಕಿಲೋಮೀಟರ್ ದೂರದ ಎರಡು ಜಾಗಗಳ ನಡುವೆ ಭೂಮಿಯೇ ಉಬ್ಬಿ ಅಡ್ಡ ಬರುತ್ತದೆ. ಗಾಳಿಯಲ್ಲಿ ಅಲೆ ಸ್ವಲ್ಪ ಬಾಗುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ನಡುವಿನ ಉಬ್ಬು ಸುಮಾರು 1,150 ಮೀಟರ್. ಅದರ ಮೇಲಿಂದ ಗೆರೆ ಹಾದು ಹೋಗಬೇಕು.

ಗೆರೆ ಕಣ್ಣಿಗೆ ಕಂಡರೂ ಸಾಲದು. ಅಲೆ ದಾರದ ಹಾಗೆ ತೆಳ್ಳಗೆ ಹೋಗುವುದಿಲ್ಲ. ಎರಡು ತುದಿಗಳ ನಡುವೆ ಹೊಟ್ಟೆ ಉಬ್ಬಿದ ಒಂದು ಜಾಗವನ್ನು ತುಂಬಿಕೊಂಡು ಹೋಗುತ್ತದೆ. ಇದಕ್ಕೆ ಫ್ರೆನೆಲ್ ವಲಯ ಅಂತ ಹೆಸರು. 2.4 ಗಿಗಾಹರ್ಟ್ಸ್‌ನಲ್ಲಿ, 279 ಕಿಲೋಮೀಟರಿಗೆ, ನಡುವಿನಲ್ಲಿ ಅದರ ಅರ್ಧಗಲ ಸುಮಾರು 93 ಮೀಟರ್. ಅದರ ಶೇ. 60 ಭಾಗವಾದರೂ ಖಾಲಿ ಇರಬೇಕು. ಒಂದು ದಿಬ್ಬ ಗೆರೆಯನ್ನು ಮುಟ್ಟದೆ ಬರೀ ಹತ್ತಿರ ಬಂದರೂ ಸಿಗ್ನಲ್ ಬೀಳುತ್ತದೆ.

ಹಾಗಾದರೆ ಎರಡು ತುದಿಯೂ ಎತ್ತರ, ನಡುವೆ ತಗ್ಗು ಇರುವ ಜಾಗ ಬೇಕು. ಪಿಯೆತ್ರೊಸೆಮೊಲಿ ಮೊದಲು ವೆನೆಜುವೆಲಾದ್ದೇ ಆದ ಗಯಾನಾ ಸೀಮೆಯ ಕಡೆ ನೋಡಿದರು. ಅಲ್ಲಿ ಗೋಡೆಯ ಹಾಗೆ ನಿಂತ ತೆಪುಯಿ ಬೆಟ್ಟಗಳಿವೆ. ಎತ್ತರಕ್ಕೆ ಕೊರತೆಯಿಲ್ಲ. ಆದರೆ ನಡುವೆ ಯಾವಾಗಲೂ ಏನಾದರೊಂದು ಅಡ್ಡ ಬರುತ್ತಿತ್ತು. ಆಮೇಲೆ ಆಂಡೀಸ್ ಕಡೆ ತಿರುಗಿದರು. ಅಲ್ಲಿ ಬೆಟ್ಟ ಬಯಲಿನಿಂದ ಒಮ್ಮೆಗೇ ಎದ್ದು ನಿಲ್ಲುತ್ತದೆ. ಬೆಟ್ಟದ ದಾರಿಗಳಲ್ಲಿ ಸೈಕಲ್ ಹೊಡೆಯುವುದು ಅವರ ಹವ್ಯಾಸ. ಎಲ್ಲಿ ನಿಂತರೆ ಎಷ್ಟು ದೂರ ಕಾಣುತ್ತದೆ ಅನ್ನುವುದು ವರ್ಷಗಳಿಂದ ಮನಸ್ಸಿನಲ್ಲಿ ಕೂತಿತ್ತು. ಕೊನೆಗೆ ಆರಿಸಿದ್ದು ಪೀಕೊ ದೆಲ್ ಆಗಿಲಾ. ಮೆರಿದಾದಿಂದ ಎರಡು ಗಂಟೆಯ ದಾರಿ, ಎತ್ತರ ಸುಮಾರು 4,200 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಜಾಸ್ತಿ. ಇನ್ನೊಂದು ತುದಿಗೆ ಕೊಹೇದೆಸ್ ರಾಜ್ಯದ ಎಲ್ ಬಾವುಲ್ ಅನ್ನುವ ಊರು.

ಈ ಆಯ್ಕೆ ಎಷ್ಟು ಅಳೆದು ಮಾಡಿದ್ದು ಅಂತ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. 4,200 ಮೀಟರಿಗೆ ಅದು 267 ಕಿಲೋಮೀಟರ್. ಎಲ್ ಬಾವುಲ್ 279ರಲ್ಲಿದೆ. ಅಂದರೆ ಒಂದೇ ಬೆಟ್ಟ ಬಹುಪಾಲು ದೂರವನ್ನು ಹೊತ್ತಿತು. ಆಚೆ ತುದಿಯಲ್ಲಿ ಬೇಕಾದದ್ದು ಸ್ವಲ್ಪವೇ ಎತ್ತರ.

ದಾರಿ ಸರಿಯಿದೆಯೇ ಅಂತ ರೇಡಿಯೊ ಮೊಬೈಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ನೋಡಿದರು. ಸರಿಯಿದೆ ಅಂತ ಅದು ಹೇಳಿತು. 2006ರ ಜನವರಿಯಲ್ಲಿ ಬೆಟ್ಟದ ಮೇಲೆ ನಿಂತು ನೋಡಿದರೆ ಕಥೆಯೇ ಬೇರೆ. ಎಲ್ ಬಾವುಲ್ ಇರುವ ದಿಕ್ಕು 86 ಡಿಗ್ರಿ. ಅಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ 8 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಸರಿದಿರುತ್ತದೆ. ಹಾಗಾಗಿ ದಿಕ್ಸೂಚಿಯಲ್ಲಿ ನೋಡಬೇಕಾದದ್ದು 94 ಡಿಗ್ರಿ. ಆ ಕಡೆ ನೋಡಿದರೆ ಎದುರಿಗೇ ಒಂದು ಅಡ್ಡ! ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳು ಅಷ್ಟು ಸೂಕ್ಷ್ಮವಾಗಿ ಅಳೆದವಲ್ಲ, ಸಣ್ಣ ದಿಬ್ಬಗಳು ಅದರಲ್ಲಿ ಕಳೆದುಹೋಗುತ್ತವೆ. ಪಿಯೆತ್ರೊಸೆಮೊಲಿ ಸೈಕಲ್ ಹತ್ತಿ ಸುತ್ತಮುತ್ತ ಗಂಟೆಗಟ್ಟಲೆ ಅಲೆದರು. ಪೂರ್ವಕ್ಕೆ ತೆರೆದುಕೊಂಡ ಜಾಗಗಳ ಫೋಟೊ ತೆಗೆದು, ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು ಬಂದು, ಮತ್ತೆ ತಂತ್ರಾಂಶದಲ್ಲಿ ಒಂದೊಂದನ್ನೂ ಪರೀಕ್ಷಿಸಿದರು. ಗೂಗಲ್ ಅರ್ತ್‌ನಲ್ಲಿ ಗೆರೆ ಎಳೆದು "ಕ್ಲಿಯರ್ ಇದೆ" ಅಂದುಕೊಂಡು ಟವರ್‌ಗೆ ದುಡ್ಡು ಹಾಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು. ಕಾಲಿಟ್ಟು ನೋಡದ ಜಾಗವನ್ನು ನಂಬಬಾರದು.

ಡೆಸಿಬೆಲ್ ಲೆಕ್ಕ

ಇನ್ನು ಲೆಕ್ಕಕ್ಕೆ ಬರೋಣ. ಡೆಸಿಬೆಲ್ ಅಂದರೆ ಹೆದರಬೇಕಾಗಿಲ್ಲ. 3 ಡಿಬಿ ಅಂದರೆ ಎರಡು ಪಟ್ಟು, 10 ಡಿಬಿ ಅಂದರೆ ಹತ್ತು ಪಟ್ಟು, 20 ಅಂದರೆ ನೂರು ಪಟ್ಟು. ಗುಣಾಕಾರದ ಜಾಗದಲ್ಲಿ ಕೂಡಿಸುತ್ತಾ ಹೋದರೆ ಆಯಿತು. 1 ಮಿಲಿವ್ಯಾಟ್ ಅಂದರೆ 0 ಡಿಬಿಎಂ, 100 ಮಿಲಿವ್ಯಾಟ್ ಅಂದರೆ 20 ಡಿಬಿಎಂ.

279 ಕಿಲೋಮೀಟರ್ ಖಾಲಿ ಗಾಳಿಯಲ್ಲಿ ಹರಡಿಕೊಳ್ಳುವುದರಿಂದಲೇ ಆಗುವ ನಷ್ಟ 149 ಡಿಬಿ. ರೂಟರ್ 20 ಡಿಬಿಎಂ ಕಳಿಸುತ್ತದೆ. ಆಂಟೆನಾ ಅಲೆಯನ್ನು ಒಂದೇ ಕಡೆಗೆ ಎಷ್ಟು ಕೂಡಿಸುತ್ತದೆ ಅನ್ನುವುದರ ಅಳತೆ ಡಿಬಿಐ. ಎರಡೂ ಕಡೆ 30 ಡಿಬಿಐ ಆಂಟೆನಾ ಇಟ್ಟರೆ 60 ಸೇರುತ್ತದೆ. 20 ಮತ್ತು 60 ಕೂಡಿಸಿ 149 ಕಳೆದರೆ ಆಚೆ ತುದಿಗೆ ತಲುಪುವುದು ಮೈನಸ್ 69 ಡಿಬಿಎಂ. ಆ ಕಾಲದ ಒಳ್ಳೆಯ ವೈಫೈ ಕಾರ್ಡುಗಳು ಕಡಿಮೆ ವೇಗದಲ್ಲಿ ಮೈನಸ್ 84ರವರೆಗೂ ಹಿಡಿಯುತ್ತಿದ್ದವು. ಅಂದರೆ ಸುಮಾರು 15 ಡಿಬಿ ಕೈಯಲ್ಲಿ ಉಳಿಯುತ್ತದೆ. ಕೇಬಲ್, ಜೋಡಣೆ, ಗುರಿಯ ಸಣ್ಣ ತಪ್ಪು ಎಲ್ಲವೂ ಇದರಲ್ಲೇ ಮುಗಿಯಬೇಕು. ಅವರು ಮೊದಲು ಬಳಸುತ್ತಿದ್ದ ಒರಿನೊಕೊ ಅನ್ನುವ ಲ್ಯಾಪ್‌ಟಾಪ್ ವೈಫೈ ಕಾರ್ಡುಗಳ ಶಕ್ತಿ 15 ಡಿಬಿಎಂ ಮಾತ್ರ. ರೂಟರ್ ಬದಲಿಸಿದ್ದರಿಂದ 5 ಡಿಬಿ ಸಿಕ್ಕಿತು.

ಈ ಲಿಂಕ್ಸಿಸ್ ರೂಟರನ್ನು 200 ಮಿಲಿವ್ಯಾಟ್‌ವರೆಗೂ ತಿರುಗಿಸಬಹುದಿತ್ತು. ಅವರು ತಿರುಗಿಸಲಿಲ್ಲ. ಅಷ್ಟು ಏರಿಸಿದರೆ ಒಳಗಿನ ಪವರ್ ಹಂತ ಅಲೆಯನ್ನು ವಿಕಾರ ಮಾಡಿ, ಅಕ್ಕಪಕ್ಕದ ಚಾನೆಲ್‌ಗಳಿಗೂ ಕಸ ಎರಚುತ್ತದೆ. ಸಿಗುವ ಲಾಭ ಬರೀ 3 ಡಿಬಿ. ಫರ್ಮ್‌ವೇರ್‌ನಲ್ಲಿ, ಅಂದರೆ ರೂಟರ್ ನಡೆಸುವ ಒಳಗಿನ ತಂತ್ರಾಂಶದಲ್ಲಿ, ಪವರ್ ಅಂಕಿಯನ್ನು ತುದಿಗೆ ಎಳೆದು ಖುಷಿಪಡುವವರು ಇದನ್ನು ಗಮನಿಸಬೇಕು. ಮೀಟರ್‌ನಲ್ಲಿ ಸಿಗ್ನಲ್ ಜಾಸ್ತಿ ಕಾಣುತ್ತದೆ, ಡೌನ್‌ಲೋಡ್ ವೇಗ ಇಳಿಯುತ್ತದೆ.

ಆಂಪ್ಲಿಫೈಯರ್ ಯಾಕೆ ಬೇಡವಾಯಿತು

ಆಂಪ್ಲಿಫೈಯರ್ ಇಟ್ಟು ದೂರ ಹೋದವರೂ ಇದ್ದಾರೆ. ಸ್ವೀಡನ್ನಿನಲ್ಲಿ ಆಕಾಶಕ್ಕೆ ಬಿಟ್ಟ ದೊಡ್ಡ ಬಲೂನಿನ ಜೊತೆ 310 ಕಿಲೋಮೀಟರ್ ವೈಫೈ ಕೊಂಡಿ ಕಟ್ಟಿದ್ದರು. ಅದರಲ್ಲಿ 6 ವ್ಯಾಟ್ ಆಂಪ್ಲಿಫೈಯರ್ ಇತ್ತು. ಬಲೂನಿಗೆ ಭಾರಿ ಡಿಶ್ ಕಟ್ಟಿ, ಅದು ತೇಲುವಾಗ ಗುರಿ ಹಿಡಿಯುವುದು ಸುಲಭವಲ್ಲ. ಅಲ್ಲಿ ಆಂಪ್ಲಿಫೈಯರ್‌ಗೆ ಅರ್ಥವಿತ್ತು. ನೆಲದ ಮೇಲೆ ಎರಡು ತುದಿಯೂ ಗಟ್ಟಿಯಾಗಿ ನಿಂತಿರುವಾಗ ಲೆಕ್ಕ ಬೇರೆ.

ಆಂಪ್ಲಿಫೈಯರ್ ಅಂದರೆ ಜೋರಾಗಿ ಕೂಗುವುದು. ಡಿಶ್ ಅಂದರೆ ಬಾಯಿಗೆ ಕೈ ಅಡ್ಡ ಹಿಡಿದು ಒಂದೇ ಕಡೆಗೆ ಕೂಗುವುದು, ಮತ್ತೆ ಅದೇ ಕೈಯನ್ನು ಕಿವಿಯ ಹಿಂದೆ ಹಿಡಿದು ಉತ್ತರ ಕೇಳುವುದು. ವೈಫೈ ಎರಡು ಕಡೆಯ ಮಾತುಕತೆ. ಕಳಿಸಿದ ಪ್ರತಿ ತುಣುಕಿಗೂ ಆಚೆಯಿಂದ "ಸಿಕ್ಕಿತು" ಅಂತ ಉತ್ತರ ಬರಬೇಕು. ಒಂದು ಕಡೆ ಮಾತ್ರ ಜೋರಾಗಿ ಕೂಗಿ ಏನು ಪ್ರಯೋಜನ? ಎರಡೂ ಕಡೆ ಆಂಪ್ಲಿಫೈಯರ್ ಹಾಕಿದರೆ ಕಳಿಸುವ ಬಲ ಏರುತ್ತದೆ. ಕೇಳುವ ಬಲ ಅಷ್ಟು ಏರುವುದಿಲ್ಲ, ಯಾಕೆಂದರೆ ಬರುವ ಸಿಗ್ನಲ್ ಹಿಗ್ಗಿಸುವಾಗ ಅದರ ಜೊತೆಗಿರುವ ಗದ್ದಲವೂ ಹಿಗ್ಗುತ್ತದೆ. ಮೇಲಾಗಿ ಆಂಪ್ಲಿಫೈಯರ್ ತನ್ನದೇ ಗದ್ದಲವನ್ನೂ ಸೇರಿಸುತ್ತದೆ.

ಅಂಕಿಯಲ್ಲಿ ನೋಡಿ. 2.4 ಮೀಟರ್ ಅಗಲದ ಡಿಶ್ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 33 ಡಿಬಿಐ ಕೊಡುತ್ತದೆ. ರೂಟರ್ ಜೊತೆ ಬರುವ ಕಡ್ಡಿ ಆಂಟೆನಾ ಸುಮಾರು 2 ಡಿಬಿಐ. ವ್ಯತ್ಯಾಸ ಒಂದೊಂದು ತುದಿಗೆ 31, ಎರಡೂ ಸೇರಿ 62 ಡಿಬಿ. ಡಿಶ್ ತೆಗೆದುಹಾಕಿ, ಕಡ್ಡಿ ಆಂಟೆನಾ ಇಟ್ಟು, ಇಷ್ಟನ್ನೂ ಬರೀ ಆಂಪ್ಲಿಫೈಯರ್‌ನಿಂದ ತುಂಬಬೇಕಾದರೆ ಪ್ರತಿ ತುದಿಯಲ್ಲೂ 1.5 ಲಕ್ಷ ವ್ಯಾಟ್‌ಗಿಂತ ಜಾಸ್ತಿ ಬೇಕು. ಒಂದು ಕಡೆ ಬಳಕೆ ತಪ್ಪಿದ ತಗಡಿನ ತಟ್ಟೆ, ಇನ್ನೊಂದು ಕಡೆ 1.5 ಲಕ್ಷ ವ್ಯಾಟ್. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ.

ಹಳೆಯ ಡಿಶ್, ಡಬ್ಬಿ ಆಂಟೆನಾ

2.4 ಗಿಗಾಹರ್ಟ್ಸ್‌ನ ದೊಡ್ಡ ಆಂಟೆನಾ ವೆನೆಜುವೆಲಾದಲ್ಲಿ ಸಿಗುತ್ತಿರಲಿಲ್ಲ. ತರಿಸಿದರೆ ಸಾಗಣೆಯ ಖರ್ಚೇ ವಿಪರೀತ. ಹಾಗಾಗಿ ಉಪಗ್ರಹ ಸೇವೆಗೆ ಬಳಸಿ ಬಿಟ್ಟ ಹಳೆಯ ಡಿಶ್‌ಗಳನ್ನು ಹುಡುಕಿ ತಂದರು. ಡಿಶ್‌ಗೆ ತರಂಗಾಂತರದ ಹಂಗಿಲ್ಲ. ಅದು ಬಂದ ಅಲೆಯನ್ನು ಒಂದು ಬಿಂದುವಿಗೆ ಕೂಡಿಸುತ್ತದೆ, ಅಷ್ಟೇ. ಆ ಬಿಂದುವಿನಲ್ಲಿ ಅಲೆಯನ್ನು ಹಿಡಿಯುವ, ಕಳಿಸುವ ಸಣ್ಣ ಆಂಟೆನಾಕ್ಕೆ ಫೀಡ್ ಅನ್ನುತ್ತಾರೆ. ಅದು ಮಾತ್ರ ಬದಲಾಗಬೇಕು. ಉಪಗ್ರಹದ ಫೀಡ್ ಬಿಚ್ಚಿ ವೈಫೈಗೆ ಹೊಂದುವ ಫೀಡ್ ಕೂರಿಸಿದರು. ಮೊದಲು 80 ಸೆಂಟಿಮೀಟರ್ ಡಿಶ್‌ನಲ್ಲಿ ನೋಡಿದರು. ಯೋಚನೆ ಸರಿಯಿದೆ ಅಂತ ಗೊತ್ತಾಯಿತು, ಬಲ ಸಾಲಲಿಲ್ಲ. ಆಮೇಲೆ 2.4 ಮೀಟರ್‌ಗೆ ಹೋದರು. ಇನ್ನೊಂದು ತುದಿಗೂ ಇಂಥದ್ದೇ ಬಳಕೆ ತಪ್ಪಿದ ದೊಡ್ಡ ಡಿಶ್.

ಫೀಡ್ ಆಗಿ ಡಬ್ಬಿ ಆಂಟೆನಾಗಳನ್ನೂ ಒಂದು 12 ಡಿಬಿಐ ಯಾಗಿ ಆಂಟೆನಾವನ್ನೂ (ಹಳೆಯ ಟಿವಿ ಆಂಟೆನಾದ ಹಾಗೆ ಸಾಲು ಕಡ್ಡಿಗಳದ್ದು) ಪರೀಕ್ಷಿಸಿದರು. ಡಬ್ಬಿ ಆಂಟೆನಾ ಮನೆಯಲ್ಲೇ ಮಾಡಬಹುದಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರ ಹೇಳಬೇಕು. ಒಂದು ಕಡೆ ಮುಚ್ಚಿದ ಲೋಹದ ಉರುಟು ಡಬ್ಬಿ, ಅದರ ಪಕ್ಕದ ಗೋಡೆಯಲ್ಲಿ ಆಂಟೆನಾ ಕೇಬಲ್ ಸಿಕ್ಕಿಸುವ ಒಂದು ಎನ್ ಕನೆಕ್ಟರ್, ಕನೆಕ್ಟರಿನ ನಡುವಿನ ಪಿನ್ನಿಗೆ ಬೆಸೆದ ತಾಮ್ರದ ತಂತಿ. ತಂತಿಯ ಉದ್ದ ತರಂಗಾಂತರದ ಕಾಲುಭಾಗ, ಸುಮಾರು 31 ಮಿಲಿಮೀಟರ್. ಡಬ್ಬಿಯ ಒಳ ಅಗಲ 72 ಮಿಲಿಮೀಟರಿಗಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ವೈಫೈ ಅಲೆ ಡಬ್ಬಿಯೊಳಗೆ ಸಾಗುವುದೇ ಇಲ್ಲ. 94 ಮಿಲಿಮೀಟರ್ ದಾಟಿದರೆ ಬೇಡದ ಇನ್ನೊಂದು ಬಗೆಯ ಅಲೆಯೂ ಒಳಗೆ ಹುಟ್ಟುತ್ತದೆ. ಈ ಎರಡರ ನಡುವಿನ ಡಬ್ಬಿ ಒಳ್ಳೆಯದು.

ಜನ ಎಡವುವುದು ತಂತಿಯ ಜಾಗದಲ್ಲಿ. ಡಬ್ಬಿಯ ತಳದಿಂದ ತಂತಿ ಎಷ್ಟು ದೂರ ಇರಬೇಕು ಅನ್ನುವುದು ಡಬ್ಬಿಯ ಅಗಲವನ್ನು ಅವಲಂಬಿಸಿದೆ. ಅಲೆ ಡಬ್ಬಿಯೊಳಗೆ ಹೋದಾಗ ಅದರ ಉದ್ದ ಹಿಗ್ಗುತ್ತದೆ. 90 ಮಿಲಿಮೀಟರ್ ಡಬ್ಬಿಗೆ ತಳದಿಂದ ಸುಮಾರು 51 ಮಿಲಿಮೀಟರ್. 83 ಮಿಲಿಮೀಟರ್ ಡಬ್ಬಿಗೆ ಅದೇ ಅಳತೆ ಸುಮಾರು 62 ಆಗುತ್ತದೆ. ಅಗಲದಲ್ಲಿ 7 ಮಿಲಿಮೀಟರ್ ವ್ಯತ್ಯಾಸ, ತಂತಿಯ ಜಾಗದಲ್ಲಿ 11. ಬೇರೆಯವರ ಡಬ್ಬಿಯ ಅಳತೆಯನ್ನು ನಮ್ಮ ಡಬ್ಬಿಗೆ ಹಾಕಿದರೆ ಕೆಲಸ ಕೆಡುವುದು ಇದಕ್ಕೇ. ಸ್ಕೇಲ್ ಹಿಡಿದು ನಮ್ಮ ಡಬ್ಬಿಯನ್ನೇ ಅಳೆಯಬೇಕು.

ಈ 2.4 ಮೀಟರ್ ಡಿಶ್ ಆಫ್‌ಸೆಟ್ ಜಾತಿಯದು. ನಮ್ಮ ಮನೆಗಳ ಮೇಲಿರುವ ಡಿಟಿಎಚ್ ಡಿಶ್‌ಗಳೂ ಅದೇ ಜಾತಿ. ಫೀಡ್ ನಡುವಿನಲ್ಲಿರದೆ ಕೆಳಗಡೆ ಇರುತ್ತದೆ. ಮೆರಿದಾದ ಡಿಶ್‌ನ ಆಫ್‌ಸೆಟ್ 22.5 ಡಿಗ್ರಿ. ಅಂದರೆ ಅಡ್ಡಕ್ಕೆ ನೇರ ದಿಗಂತವನ್ನು ನೋಡಬೇಕಾದರೆ ಡಿಶ್ ನೆಲ ನೋಡುತ್ತಾ ಬಗ್ಗಿ ನಿಂತ ಹಾಗೆ ಕಾಣುತ್ತದೆ. ಪರೀಕ್ಷೆಗಾಗಿ 11 ಕಿಲೋಮೀಟರ್ ದೂರದ, 3,500 ಮೀಟರ್ ಎತ್ತರದಲ್ಲಿರುವ ವಿಶ್ವವಿದ್ಯಾಲಯದ ನಿಲ್ದಾಣದ ಕಡೆ ತಿರುಗಿಸಿದರು. ಅವರು ನಿಂತದ್ದು 2,000 ಮೀಟರ್ ಎತ್ತರದಲ್ಲಿ. ಗುರಿ 8 ಡಿಗ್ರಿ ಮೇಲಿದೆ, ಆದರೂ ಡಿಶ್ ಸುಮಾರು 14 ಡಿಗ್ರಿ ಕೆಳಗೆ ನೋಡುತ್ತಿತ್ತು. ಇದನ್ನು ಹೇಳಿದ್ದು ಯಾಕೆಂದರೆ ಹಳೆಯ ಡಿಟಿಎಚ್ ಡಿಶ್‌ನಲ್ಲಿ ವೈಫೈ ಮಾಡುವವರು ಡಿಶ್‌ನ ಮುಖವನ್ನು ಗುರಿಗೆ ನೇರ ಹಿಡಿಯುತ್ತಾರೆ. ಆಗ ಅಲೆ ಗುರಿಯ ತಲೆಯ ಮೇಲಿಂದ ಆಕಾಶಕ್ಕೆ ಹೋಗುತ್ತದೆ.

ಕೇಬಲ್

ಇದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಂಟೆನಾ ಕೇಬಲ್ ಉದ್ದವಾದಷ್ಟೂ ಮೇಲೆ ಮಾಡಿದ ಲೆಕ್ಕ ನೀರುಪಾಲು. 2.4 ಗಿಗಾಹರ್ಟ್ಸ್‌ನಲ್ಲಿ ತೆಳ್ಳಗಿನ ಆರ್‌ಜಿ 58 ಕೇಬಲ್ ಮೀಟರಿಗೆ ಹೆಚ್ಚುಕಮ್ಮಿ 1 ಡಿಬಿ ತಿನ್ನುತ್ತದೆ. 10 ಮೀಟರ್ ಹಾಕಿದರೆ 10 ಡಿಬಿ ಹೋಯಿತು. ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಕೇಬಲ್‌ನಲ್ಲೇ ಬಿಸಿಯಾಗಿ ಕಳೆದುಹೋಯಿತು, ಕಳಿಸುವಾಗ ಒಮ್ಮೆ, ಹಿಡಿಯುವಾಗ ಇನ್ನೊಮ್ಮೆ. ದಪ್ಪನೆಯ ಎಲ್‌ಎಂಆರ್ 400 ಆದರೆ ಮೀಟರಿಗೆ 0.22 ಡಿಬಿ. ಒಳ್ಳೆಯದೇ, ಆದರೆ ದುಬಾರಿ. ಟಿವಿಯ ಆರ್‌ಜಿ 6 ಕೇಬಲ್ 75 ಓಮ್‌ನದು, ವೈಫೈ ಉಪಕರಣಗಳು 50 ಓಮ್, ಒಂದಕ್ಕೊಂದು ಹೊಂದುವುದಿಲ್ಲ. ಮನೆಯಲ್ಲಿ ಬಿದ್ದಿದೆ ಅಂತ ಅದನ್ನು ಉದ್ದಕ್ಕೆ ಎಳೆಯುವುದು ಬೇಡ.

ಮೆರಿದಾದವರು ಲ್ಯಾಪ್‌ಟಾಪ್ ಕಾರ್ಡ್ ಬಿಟ್ಟು ರೂಟರ್ ಆರಿಸಿದ್ದಕ್ಕೆ ಇದೂ ಒಂದು ಕಾರಣ. ರೂಟರನ್ನು ಡಿಶ್‌ನ ಹತ್ತಿರವೇ ಇಡಬಹುದು. ಆಂಟೆನಾ ಕೇಬಲ್ ಗೇಣುದ್ದ ಸಾಕು. ಕೆಳಗಿನ ದೂರಕ್ಕೆ ಈಥರ್ನೆಟ್ ಕೇಬಲ್. ಅದು 100 ಮೀಟರ್‌ವರೆಗೆ ಏನೂ ಕಳೆದುಕೊಳ್ಳದೆ ಡೇಟಾ ಒಯ್ಯುತ್ತದೆ. ಈಗಿನ ಹೊರಾಂಗಣ ರೇಡಿಯೊಗಳಲ್ಲಿ ಕರೆಂಟೂ ಅದೇ ಕೇಬಲ್‌ನಲ್ಲಿ ಹೋಗುತ್ತದೆ.

ಗುರಿ ಹಿಡಿಯುವುದು

2.4 ಮೀಟರ್ ಡಿಶ್‌ನ ಕಿರಣದ ಅಗಲ ಬರೀ 3.5 ಡಿಗ್ರಿ. 279 ಕಿಲೋಮೀಟರ್ ಆಚೆಯ ಊರು ಕಣ್ಣಿಗೆ ಕಾಣುವುದಿಲ್ಲ. ವೈಫೈ ತಂತ್ರಾಂಶದ ಸಿಗ್ನಲ್ ಪಟ್ಟಿ ನೋಡಿ ತಿರುಗಿಸಲು ಮೊದಲು ನೋಡಿದ್ದರು. 11 ಕಿಲೋಮೀಟರಿನ ಪರೀಕ್ಷೆಯಲ್ಲೇ ಅಂಕಿಗಳು ಏರಿಳಿಯುತ್ತಾ ಕೈ ಕೊಟ್ಟವು. ನಿಜವಾದ ಡೇಟಾ ಓಡಾಡುವಾಗ ಶಕ್ತಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಾಗಾಗಿ ಸಿಗ್ನಲ್ ಜನರೇಟರ್ ಮತ್ತು ಸ್ಪೆಕ್ಟ್ರಮ್ ಅನಲೈಜರ್ ಹೊಂದಿಸಿಕೊಂಡರು. ಒಂದು ತುದಿಯಿಂದ ಒಂದೇ ಸಮನೆಯ ಸ್ವರ, ಇನ್ನೊಂದು ತುದಿಯಲ್ಲಿ ಅದನ್ನು ಅಳೆಯುತ್ತಾ ಡಿಶ್ ತಿರುಗಿಸುವುದು.

ಇದರ ಹಿಂದಿರುವ ಉಪಾಯ ಚೆನ್ನಾಗಿದೆ. ವೈಫೈ ಚಾನೆಲ್ 22 ಮೆಗಾಹರ್ಟ್ಸ್ ಅಗಲ. ಅಷ್ಟು ಅಗಲದ ಬಾಗಿಲು ತೆರೆದರೆ ಅಷ್ಟೂ ಗದ್ದಲ ಒಳಗೆ ಬರುತ್ತದೆ. ಒಂದೇ ಸ್ವರವನ್ನು ಹುಡುಕುವಾಗ ಅನಲೈಜರ್‌ನ ಬಾಗಿಲನ್ನು 1 ಕಿಲೋಹರ್ಟ್ಸ್‌ಗೆ ಕಿರಿದು ಮಾಡಬಹುದು. ಗದ್ದಲ 22,000 ಪಟ್ಟು ಇಳಿಯುತ್ತದೆ. ಡಿಶ್ ತಪ್ಪು ದಿಕ್ಕಿಗೆ ಇದ್ದಾಗಲೂ ಸಣ್ಣ ಸುಳಿವು ಸಿಗುತ್ತದೆ. ಆ ಸುಳಿವು ಹಿಡಿದುಕೊಂಡು ಗುರಿಗೆ ಬರಬಹುದು.

ಉತ್ತರಕ್ಕೆ ಕಾಯುವ ಹೊತ್ತು

ಸಿಗ್ನಲ್ ಸಿಕ್ಕಿತು ಅಂದರೆ ಕೊಂಡಿ ಆಯಿತು ಅಂತಲ್ಲ. ವೈಫೈ ಒಂದು ತುಣುಕು ಕಳಿಸಿ "ಸಿಕ್ಕಿತು" ಅನ್ನುವ ಉತ್ತರಕ್ಕೆ ಕಾಯುತ್ತದೆ. ಅದು ಹುಟ್ಟಿದ್ದು ಮನೆ, ಆಫೀಸುಗಳಿಗೆ. ಹಾಗಾಗಿ ಕಾಯುವ ಹೊತ್ತು ಕೆಲವೇ ಹತ್ತು ಮೈಕ್ರೋಸೆಕೆಂಡ್. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ. 279 ಕಿಲೋಮೀಟರ್ ಹೋಗಿ ಬರಲು 1,860 ಮೈಕ್ರೋಸೆಕೆಂಡ್ ಬೇಕು. ಉತ್ತರ ದಾರಿಯಲ್ಲಿರುವಾಗಲೇ ರೂಟರ್ "ಹೋಗಲಿಲ್ಲ" ಅಂದುಕೊಂಡು ಮತ್ತೆ ಕಳಿಸುತ್ತದೆ, ಮತ್ತೆ, ಮತ್ತೆ. ಕೊನೆಗೆ ಸಂಪರ್ಕವೇ ಕಡಿದುಹೋಗುತ್ತದೆ. ಇಲ್ಲಿ ಯಾವ ಆಂಪ್ಲಿಫೈಯರ್ ಕೂಡ ಸಹಾಯಕ್ಕೆ ಬರುವುದಿಲ್ಲ.

ಡಬ್ಲ್ಯುಆರ್‌ಟಿ 54ಜಿ ಗೆದ್ದದ್ದು ಇಲ್ಲಿ. ಅದರ ಒಳಗಿದ್ದದ್ದು ಲಿನಕ್ಸ್. ಅದರ ಮೂಲ ಕೋಡ್ ಹೊರಗೆ ಬಂದ ಮೇಲೆ ಸಮುದಾಯದವರು ಓಪನ್‌ಡಬ್ಲ್ಯುಆರ್‌ಟಿ, ಡಿಡಿ-ಡಬ್ಲ್ಯುಆರ್‌ಟಿ ಅನ್ನುವ ಫರ್ಮ್‌ವೇರ್‌ಗಳನ್ನು ಬರೆದರು. ಅವುಗಳಲ್ಲಿ ಕಾಯುವ ಹೊತ್ತನ್ನು ನಾವೇ ಬದಲಿಸಬಹುದು. ಕೋಡ್ ಮುಚ್ಚಿಟ್ಟ ಪೆಟ್ಟಿಗೆಯಾಗಿದ್ದರೆ ಈ ಪ್ರಯೋಗ ಬೆಟ್ಟದ ಮೇಲೆಯೇ ನಿಂತುಬಿಡುತ್ತಿತ್ತು.

ಕಾಯುವ ಹೊತ್ತು ಹೆಚ್ಚಿಸಿದರೆ ಕೊಂಡಿ ನಿಲ್ಲುತ್ತದೆ, ವೇಗ ಸಾಯುತ್ತದೆ. ಪ್ರತಿ ತುಣುಕಿಗೂ ಕಾಯುತ್ತಾ ಕೂತರೆ ಗಾಳಿ ಹೆಚ್ಚು ಹೊತ್ತು ಖಾಲಿಯೇ ಇರುತ್ತದೆ. ಇದಕ್ಕೆ ಮದ್ದು ಬಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ. ಎರಿಕ್ ಬ್ರೂವರ್ ಅವರ ಟಿಯರ್ ಅನ್ನುವ ತಂಡ ಕಾಯುವ ಪದ್ಧತಿಯನ್ನೇ ಕಿತ್ತುಹಾಕಿತು. ಎರಡು ತುದಿಗಳೂ ಸರದಿ ಹಂಚಿಕೊಳ್ಳುತ್ತವೆ. ತನ್ನ ಸರದಿಯಲ್ಲಿ ಒಂದು ತುದಿ ಕಟ್ಟುಕಟ್ಟಾಗಿ ಕಳಿಸುತ್ತದೆ, ಉತ್ತರಗಳೂ ಕಟ್ಟಾಗಿಯೇ ಬರುತ್ತವೆ.

2007ರಲ್ಲಿ ಅದೇ ಪೀಕೊ ದೆಲ್ ಆಗಿಲಾದಿಂದ ಪ್ಲಾತಿಯೊನ್ ಅನ್ನುವ ಇನ್ನೊಂದು ಬೆಟ್ಟಕ್ಕೆ ಕೊಂಡಿ ಕಟ್ಟಿದರು. ದೂರ 382 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ನೇರ ಗೆರೆ ಹೆಚ್ಚುಕಮ್ಮಿ ಇಷ್ಟೇ. ದಿಗಂತದ ಲೆಕ್ಕ ಹಾಕಿದರೆ 267 ಕಿಲೋಮೀಟರನ್ನು ಮೊದಲ ಬೆಟ್ಟ ಕೊಡುತ್ತದೆ. ಮಿಕ್ಕ 115 ಕಿಲೋಮೀಟರಿಗೆ ಆಚೆ ತುದಿ ಸುಮಾರು 780 ಮೀಟರಾದರೂ ಎತ್ತರ ಇರಬೇಕು. ಹಾಗಾಗಿ ಬಯಲಿನ ಊರು ಬಿಟ್ಟು ಬೆಟ್ಟಕ್ಕೆ ಹೋದರು. ಟಿಯರ್ ತಂಡದ ಫರ್ಮ್‌ವೇರ್ ಹಾಕಿದಾಗ ಒಂದೊಂದು ದಿಕ್ಕಿಗೂ ಸೆಕೆಂಡಿಗೆ 3 ಮೆಗಾಬಿಟ್ ಓಡಿತು. ಆ ಕಾಲಕ್ಕೆ ಒಂದು ಊರಿಗೆ ಸಾಕಾಗುವಷ್ಟು.

ಇದೇ ಜಾಣ್ಮೆ ತೇನಿಯಲ್ಲಿ, ಮತ್ತು ನಮ್ಮ ಕಾನೂನು

ಟಿಯರ್ ತಂಡ ಈ ಕೆಲಸ ಮಾಡಿದ್ದು ದಾಖಲೆಗಾಗಿ ಅಲ್ಲ. ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯಿದೆ. ಸುತ್ತಲಿನ ಊರುಗಳಲ್ಲಿ ಅದರ ಸಣ್ಣ ಕಣ್ಣಿನ ಕೇಂದ್ರಗಳಿವೆ. ಆ ಕೇಂದ್ರಗಳನ್ನು ಆಸ್ಪತ್ರೆಗೆ ಜೋಡಿಸಿದ್ದು ಇಂಥ ದೂರದ ವೈಫೈ. ಉದ್ದದ ಕೊಂಡಿ ಸುಮಾರು 15 ಕಿಲೋಮೀಟರ್. ರೋಗಿ ತನ್ನೂರಲ್ಲೇ ಕೂತು ತೇನಿಯ ವೈದ್ಯರ ಜೊತೆ ವಿಡಿಯೊದಲ್ಲಿ ಮಾತಾಡುತ್ತಾರೆ. ಬಸ್ ಹತ್ತಿ ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಇದೇ.

ಅಲ್ಲಿ ಕಾಡಿದ್ದು ದೂರ ಅಲ್ಲ, ಕರೆಂಟು. ವೋಲ್ಟೇಜ್ ಒಮ್ಮೆಗೇ ಏರಿ ಬೋರ್ಡುಗಳು ಸುಟ್ಟವು. ವೋಲ್ಟೇಜ್ ಇಳಿದಾಗ ರೂಟರ್ ಅರ್ಧಂಬರ್ಧ ಶುರುವಾಗಿ ಹ್ಯಾಂಗ್ ಆಯಿತು, ಫ್ಲ್ಯಾಶ್ ಕಾರ್ಡ್ ಕೆಟ್ಟಿತು. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ರೂಟರನ್ನು ಪೂರ್ತಿ ಕಡಿದುಹಾಕುವ, ಸರಿಯಾದ ಮೇಲೆ ಮತ್ತೆ ಜೋಡಿಸುವ ಸಾಧನ ಹಾಕಬೇಕಾಯಿತು. ಗುಡ್ಡದ ಮೇಲೆ ರೇಡಿಯೊ ಇಡುವವರು ಆಂಪ್ಲಿಫೈಯರ್‌ಗೆ ಇಟ್ಟ ದುಡ್ಡನ್ನು ಒಂದು ಒಳ್ಳೆಯ ಬ್ಯಾಟರಿ ಮತ್ತು ಕಂಟ್ರೋಲರ್‌ಗೆ ಹಾಕಿದರೆ ಕೊಂಡಿ ಬಾಳುತ್ತದೆ.

ವೆನೆಜುವೆಲಾದ ಪ್ರಯೋಗವನ್ನು ಇಲ್ಲಿ ಹಾಗೆಯೇ ಮಾಡುವಂತಿಲ್ಲ. ಭಾರತದಲ್ಲಿ 2005ರ ನಿಯಮದಂತೆ 2.4 ಗಿಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ. 2018ರಲ್ಲಿ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗವೂ ಮುಕ್ತವಾಯಿತು. ಆದರೆ 2.4ರಲ್ಲಿ ಉಪಕರಣದ ಶಕ್ತಿ 1 ವ್ಯಾಟ್ ಮೀರಬಾರದು. ಆಂಟೆನಾದ ಬಲ ಸೇರಿಸಿದ ಮೇಲೆ ಒಟ್ಟು 4 ವ್ಯಾಟ್, ಅಂದರೆ 36 ಡಿಬಿಎಂ ದಾಟಬಾರದು. 100 ಮಿಲಿವ್ಯಾಟನ್ನು 33 ಡಿಬಿಐ ಡಿಶ್‌ನಲ್ಲಿ ಕಳಿಸಿದರೆ 53 ಡಿಬಿಎಂ, ಸುಮಾರು 200 ವ್ಯಾಟ್‌ಗೆ ಸಮ. ಇದು ಮಿತಿಯನ್ನು ಎಲ್ಲೋ ದಾಟುತ್ತದೆ. ಮೊಬೈಲ್ ಸಿಗ್ನಲ್ ಬೂಸ್ಟರ್ ವಿಷಯ ಇನ್ನೂ ಗಂಭೀರ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಅದು ಎಬ್ಬಿಸುವ ಗದ್ದಲಕ್ಕೆ ಸುತ್ತಲಿನವರ ಫೋನ್‌ಗಳೂ ಕೆಡುತ್ತವೆ.

ಈ ಮಿತಿಯೊಳಗೂ ಡಿಶ್‌ನದೇ ಮೇಲುಗೈ. ಯಾಕೆಂದರೆ ಕಾನೂನು ಕಳಿಸುವ ಶಕ್ತಿಗೆ ಮಿತಿ ಹಾಕಿದೆ, ಕೇಳುವ ಶಕ್ತಿಗೆ ಹಾಕಿಲ್ಲ. 10 ಕಿಲೋಮೀಟರಿನ ಒಂದು ಕೊಂಡಿ ತೆಗೆದುಕೊಳ್ಳಿ. ಎರಡೂ ಕಡೆ 24 ಡಿಬಿಐನ ಜಾಲರಿ ಆಂಟೆನಾ. 36ರಿಂದ 24 ಕಳೆದರೆ ರೂಟರ್ ಕಳಿಸಬಹುದಾದದ್ದು 12 ಡಿಬಿಎಂ, ಸುಮಾರು 16 ಮಿಲಿವ್ಯಾಟ್. ಇರುವ ಶಕ್ತಿಯನ್ನೇ ಇಳಿಸಬೇಕು, ಆಂಪ್ಲಿಫೈಯರ್‌ಗೆ ಜಾಗವೇ ಇಲ್ಲ. ದಾರಿಯ ನಷ್ಟ 120 ಡಿಬಿ. 36ರಿಂದ 120 ಕಳೆದು, ಆಚೆಯ ಆಂಟೆನಾದ 24 ಸೇರಿಸಿದರೆ ಮೈನಸ್ 60 ಡಿಬಿಎಂ. ಮೈನಸ್ 84ಕ್ಕೆ ಹೋಲಿಸಿದರೆ 24 ಡಿಬಿ ಕೈಯಲ್ಲಿದೆ.

ಇನ್ನು ಅಡ್ಡ ಬರುವುದು ಮರಗಳು. 10 ಕಿಲೋಮೀಟರಿಗೆ ನಡುವಿನ ಫ್ರೆನೆಲ್ ವಲಯದ ಅರ್ಧಗಲ ಸುಮಾರು 18 ಮೀಟರ್. ಅದರಲ್ಲಿ 11 ಮೀಟರಾದರೂ ಖಾಲಿ ಇರಬೇಕು. ಅಡಿಕೆ, ತೆಂಗಿನ ತಲೆಗಳು ಗೆರೆಯ ಹತ್ತಿರ ಇದ್ದರೆ ಬೇಸಿಗೆಯಲ್ಲಿ ನಡೆದ ಕೊಂಡಿ ಆಷಾಢದಲ್ಲಿ ನಿಲ್ಲುತ್ತದೆ. ಸುರಿಯುವ ಮಳೆ 2.4 ಗಿಗಾಹರ್ಟ್ಸ್‌ಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಒದ್ದೆ ಎಲೆ ಕೊಡುತ್ತದೆ. ಬೇಸಿಗೆಯಲ್ಲಿ ಅಳೆದ ಲೆಕ್ಕದಲ್ಲಿ ಮಳೆಗಾಲಕ್ಕೆ ಅಂತ 10 ಡಿಬಿಯಾದರೂ ಎತ್ತಿಡಿ. ಆಂಟೆನಾ ಕಂಬವನ್ನು ಮರದ ಈಗಿನ ಎತ್ತರಕ್ಕೆ ಹಾಕಬೇಡಿ, ಇನ್ನು ಐದು ವರ್ಷಕ್ಕೆ ಅದು ಎಲ್ಲಿಗೆ ಬೆಳೆಯುತ್ತದೋ ಅದಕ್ಕೆ ಹಾಕಿ.